ಮುಸುರೆಯಿಲ್ಲದ ಹಿಟ್ಟು

ಮಧುಗಿರಿಯ ದೊಡ್ಡಮನುಷ್ಯರಿಗೆ ಮಕ್ಕಳ ಹಸಿವು ಕಣ್ಣಿಗೆ ಬಿದ್ದದ್ದು ಶಾಲೆಗೆ ಬೇಸಿಗೆ ರಜ ಬಂದ ಮೇಲೆ. ಶಾಲೆ ನಡೆಯುವಾಗ ಯಾರೋ ಪುಣ್ಯಾತ್ಮರ ಧರ್ಮದಿಂದ ಮಧ್ಯಾಹ್ನ ಬಡಮಕ್ಕಳಿಗೆ ಒಂದೊಂದು ಹಿಡಿ ಹುರುಳಿ ಗುಗ್ಗರಿ ಹಂಚುತ್ತಿದ್ದೆವು. ರಜ ಬಂತು, ಗುಗ್ಗರಿ ನಿಂತಿತು. ಶಾಲೆಗೆ ರಜ ಎಂದರೆ ಹೊಟ್ಟೆಗೂ ರಜ ಎಂದು ಮಕ್ಕಳಿಗೆ ಯಾರೂ ತಿಳಿಹೇಳಿರಲಿಲ್ಲವೆಂದು ಕಾಣುತ್ತದೆ. ಹೊತ್ತು ನೆತ್ತಿಗೇರುವ ವೇಳೆಗೆ ಸರಿಯಾಗಿ ಹತ್ತು ಹದಿನೈದು ಮಕ್ಕಳು ಬಂದು ಬೀಗ ಹಾಕಿದ ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಗಲಾಟೆಯಿಲ್ಲ, ಅಳುವಿಲ್ಲ, ಸುಮ್ಮನೆ ಕೂರುವುದು. ಆ ದಾರಿಯಲ್ಲೇ ಕೋರ್ಟಿಗೆ ಹೋಗುತ್ತಿದ್ದ ವಕೀಲರೊಬ್ಬರಿಗೆ ಇದು ಕಣ್ಣಿಗೆ ಚುಚ್ಚಿತು. ಬೇರೆ ಊರಿನವರು ನೋಡಿದರೆ ಏನಂದಾರು, ಊರಿನ ಮಾನದ ಪ್ರಶ್ನೆ ಎಂದರು. ಹೀಗೆ ಊರಿನ ಮಾನ ಉಳಿಸಲು ಒಂದು ಸಮಿತಿ ಹುಟ್ಟಿತು.

ಯುದ್ಧದ ಕಾಲ ಅದು. ರೇಷನ್ ಚೀಟಿಗೆ ಸಿಕ್ಕುವ ಅಕ್ಕಿಯಲ್ಲಿ ಕಲ್ಲೇ ಹೆಚ್ಚು. ನಾನು ಆ ಶಾಲೆಯಲ್ಲಿ ಹಂಗಾಮಿ ಉಪಾಧ್ಯಾಯಿನಿ. ಇಪ್ಪತ್ತೆರಡು ವರ್ಷ. ಮಿಡಿಗೇಶಿಯಿಂದ ಬಂದು ಸೋದರತ್ತೆಯ ಮನೆಯಲ್ಲಿದ್ದೆ. ಶಾಲೆಯ ಬೀಗದ ಕೈ ನನ್ನ ಹತ್ತಿರ ಇದ್ದದ್ದರಿಂದ ಸಮಿತಿಯ ಸಭೆಗಳಿಗೆ ಬಾಗಿಲು ತೆಗೆಯುವುದು, ಚಾಪೆ ಹಾಸುವುದು, ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ಪಾಲಿಗೆ ಬಂತು. ಬಾಯಿ ಮುಚ್ಚಿಕೊಂಡದ್ದಕ್ಕೆ ಕಾರಣವಿತ್ತು. ಸಮಿತಿಯ ಅಧ್ಯಕ್ಷರು ಒಂದು ಶಿಫಾರಸು ಕಾಗದ ಬರೆದರೆ ನನ್ನ ಕೆಲಸ ಖಾಯಂ ಆಗುವುದಿತ್ತು.

ಅಧ್ಯಕ್ಷರು ಪೆನ್ಷನ್ ಆದ ಶಿರಸ್ತೇದಾರರು. ಅವರು ಕಚೇರಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಕಚೇರಿ ಅವರನ್ನು ಬಿಟ್ಟಿರಲಿಲ್ಲ. ಉರಿಬಿಸಿಲಿನಲ್ಲೂ ಕರಿ ಕೋಟು, ಪೇಟ. ಮೊಮ್ಮಗ ಹಾಲಿಗೆ ಅತ್ತರೂ ಅರ್ಜಿ ಬರೆದುಕೊಡು ಎನ್ನುವ ಪೈಕಿ. ವಕೀಲರು ಕಾರ್ಯದರ್ಶಿಗಳು. ಶಿರಾದಿಂದ ಬಂದು ಮಧುಗಿರಿಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಸಾಹೇಬರೊಬ್ಬರು ಮೂರನೆಯವರು. ಇನ್ನುಳಿದ ನಾಲ್ಕೈದು ಜನ ತಲೆಯಾಡಿಸಲು ಬಂದವರು, ಅವರನ್ನು ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ.

ಸಭೆಗಳು ನಾಲ್ಕು ನಡೆದವು. ಮೊದಲನೆಯದರಲ್ಲಿ ಸಮಿತಿಗೆ ಹೆಸರಿಟ್ಟರು. ಆ ಹೆಸರು ಎಷ್ಟು ಉದ್ದವಿತ್ತೆಂದರೆ ಬೋರ್ಡು ಬರೆಯುವವನು ಇನ್ನೊಂದು ಹಲಗೆ ಬೇಕು ಎಂದ. ಎರಡನೆಯ ಸಭೆಯಲ್ಲಿ ಅಡಿಗೆ ಯಾರು ಮಾಡಬೇಕು ಎಂಬ ಚರ್ಚೆ. ಬ್ರಾಹ್ಮಣರು ಬೇಯಿಸಿದರೆ ನಮ್ಮ ಲಿಂಗವಂತರ ಮಕ್ಕಳು ತಿನ್ನುವುದಿಲ್ಲ. ನಾವು ಬೇಯಿಸಿದರೆ ಬ್ರಾಹ್ಮಣರ ಬಡಮಕ್ಕಳು ಮುಟ್ಟುವುದಿಲ್ಲ. ಇಬ್ಬರೂ ಬೇರೆ ಬೇರೆ ಒಲೆ ಹೂಡಿದರೆ ಸೌದೆ ಎಲ್ಲಿಂದ ತರುವುದು? ಮೂರನೆಯ ಸಭೆಯೂ ಇದರಲ್ಲೇ ಮುಗಿಯಿತು. ಗೇಟಿನ ಮುಂದೆ ಕೂತಿದ್ದ ಆ ಹದಿನೈದು ಮಕ್ಕಳಲ್ಲಿ ಬ್ರಾಹ್ಮಣರದೂ ಲಿಂಗವಂತರದೂ ಒಂದೇ ಒಂದು ಮಗು ಇರಲಿಲ್ಲ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ದಾಸೋಹ, ದಾಸೋಹ ಎಂದು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಹೇಳುವುದಕ್ಕೇನೂ ಖರ್ಚಿರಲಿಲ್ಲ.

ಸಭೆಗೆ ತಿಂಡಿಯೂ ಇರುತ್ತಿತ್ತು. ವಕೀಲರ ಮನೆಯಿಂದ ಅವರ ಜನಕ್ಕೆ ಉಪ್ಪಿಟ್ಟು ಬರುತ್ತಿತ್ತು. ನಮ್ಮ ಜನಕ್ಕೆ ನಮ್ಮವರೊಬ್ಬರ ಮನೆಯಿಂದ ಬೇರೆ ಉಪ್ಪಿಟ್ಟು. ಸಾಹೇಬರಿಗೆ ಬಾಳೆಹಣ್ಣು, ಅದಕ್ಕೆ ಸಿಪ್ಪೆ ಇರುತ್ತದಲ್ಲ, ಯಾರಿಗೂ ತೊಂದರೆಯಿಲ್ಲ. ಮಕ್ಕಳಿಗೆ ಏನು ತಿನ್ನಿಸಬೇಕೆಂದು ತೀರ್ಮಾನವಾಗುವಷ್ಟರಲ್ಲಿ ಸಮಿತಿ ನಾಲ್ಕು ಸಲ ತಿಂದು ಕೈ ತೊಳೆದುಕೊಂಡಿತ್ತು. ಗೇಟಿನ ಸಂದಿಯಿಂದ ಮಕ್ಕಳು ಉಪ್ಪಿಟ್ಟಿನ ವಾಸನೆ ಹಿಡಿದು ಮೂಗು ಎಳೆದುಕೊಳ್ಳುವುದು ಒಳಗಿದ್ದ ನನಗೆ ಕೇಳಿಸುತ್ತಿತ್ತು.

ನಾಲ್ಕನೆಯ ಸಭೆಯಲ್ಲಿ ಶಿರಸ್ತೇದಾರರಿಗೆ ಜ್ಞಾನೋದಯವಾಯಿತು. ನೀರಿನಲ್ಲಿ ಬೆಂದದ್ದಕ್ಕೆ ಮುಸುರೆ. ಬರೀ ಬೆಂಕಿಯಲ್ಲಿ ಹುರಿದದ್ದಕ್ಕೆ ಮುಸುರೆಯಿಲ್ಲ. ಅದನ್ನು ಯಾರ ಕೈಯಿಂದ ಯಾರು ಬೇಕಾದರೂ ಇಸಿದುಕೊಳ್ಳಬಹುದು. ಆದ್ದರಿಂದ ರಾಗಿಯ ಹುರಿಹಿಟ್ಟು, ಮೇಲೊಂದು ಚೂರು ಬೆಲ್ಲ. ಒಲೆ ಬೇಡ, ಅಡಿಗೆಯವರು ಬೇಡ, ಪಂಕ್ತಿಯ ರಗಳೆಯಿಲ್ಲ. ಹಿಟ್ಟಿಗೆ ನೀರು ಬಿದ್ದ ಮೇಲೆ ಮುಸುರೆಯಾಗುತ್ತದಲ್ಲ ಎಂದು ಯಾರೋ ಕೇಳಿದರು. ಅದಕ್ಕೂ ಅವರ ಹತ್ತಿರ ಉತ್ತರವಿತ್ತು. ಒಣಹಿಟ್ಟು ಸಮಿತಿಯದು, ನೀರು ಅವರವರದು. ಮಕ್ಕಳು ಅವರವರ ಮನೆಯಿಂದ, ಅವರವರ ಪಾತ್ರೆಯಲ್ಲಿ ನೀರು ತರಬೇಕು, ಅವರವರೇ ಕಲಸಿಕೊಳ್ಳಬೇಕು. ಸಭೆಯವರೆಲ್ಲ ಅವರನ್ನು ಬೃಹಸ್ಪತಿಯನ್ನು ನೋಡಿದಂತೆ ನೋಡಿದರು. ರಾಗಿಗೆ ನೀರು ಚಿಮುಕಿಸಿ ನೆನೆಸಿಟ್ಟೇ ಅರಳು ಹುರಿಯುವುದು ಎಂದು ಆ ಬೃಹಸ್ಪತಿಗೆ ಗೊತ್ತಿರಲಿಲ್ಲ. ಜನ್ಮದಲ್ಲಿ ಒಂದು ಸಲವಾದರೂ ಒಲೆಯ ಮುಂದೆ ಕೂತಿದ್ದರೆ ತಾನೆ?

ಇನ್ನೊಂದು ನಿಯಮವನ್ನೂ ಅವರೇ ಸೇರಿಸಿದರು. ಹಿಟ್ಟನ್ನು ಸದಸ್ಯರ ಕಣ್ಣೆದುರಿಗೆ ಶಾಲೆಯ ಜಗಲಿಯ ಮೇಲೇ ತಿಂದು ಮುಗಿಸಬೇಕು. ಮನೆಗೆ ಒಯ್ಯುವಂತಿಲ್ಲ. ಒಯ್ದರೆ ಅಪ್ಪಂದಿರು ನುಂಗಿಬಿಡುತ್ತಾರಂತೆ. ನೀರು ಮನೆಯಿಂದ ತರಬೇಕು, ಹಿಟ್ಟು ಮನೆಗೆ ಹೋಗಬಾರದು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಅವರು ಕಾಫಿ ಕುಡಿದರು.

ಹಾಗಾದರೆ ಶಾಲೆಯ ಬಾವಿ? ಅದರಲ್ಲಿ ಆ ಬೇಸಿಗೆಯಲ್ಲೂ ನೀರಿತ್ತು. ಶಾಲೆ ನಡೆಯುವಾಗ ಆಯಾ ಒಬ್ಬಳು ಸೇದಿ, ಬಾಯಾರಿದ ಮಕ್ಕಳ ಬೊಗಸೆಗೆ ಎತ್ತರದಿಂದ ಸುರಿಯುತ್ತಿದ್ದಳು. ರಜಕ್ಕೆ ಅವಳು ಕೊರಟಗೆರೆಯ ತನ್ನ ಊರಿಗೆ ಹೋಗಿದ್ದಳು. ವಕೀಲರು ಇದಕ್ಕೆ ಕಾನೂನು ಹೇಳಿದರು. ಶಾಲೆಗೆ ಎಲ್ಲ ಜಾತಿಯವರೂ ಬರಬಹುದು ಎಂದು ಸರ್ಕಾರ ಹೇಳಿದೆ, ಸರಿ. ಆದರೆ ರಜದಲ್ಲಿ ಶಾಲೆ ಶಾಲೆಯಲ್ಲ. ಆಗ ಅದರ ಬಾವಿಯೂ ಊರಿನ ಬಾವಿಯಂತೆಯೇ. ಅದರ ನೀರನ್ನು ಕಲ್ಲು ಒಡೆಯುವವರ ಮಕ್ಕಳಿಗೆ, ಕೇರಿಯ ಮಕ್ಕಳಿಗೆ ಕೊಡಬಹುದೋ ಕೊಡಬಾರದೋ ಎಂಬುದನ್ನು ಮುಂದೆ ವಿಚಾರ ಮಾಡೋಣ. ಹೀಗೆ ಬಾವಿ ವಿಚಾರಣೆಯಲ್ಲಿ ಉಳಿಯಿತು. ನನಗೆ ಗೊತ್ತಿರುವ ಮಟ್ಟಿಗೆ ಅದು ಇವತ್ತಿಗೂ ವಿಚಾರಣೆಯಲ್ಲೇ ಇದೆ.

ರಾಗಿಯನ್ನು ಒಬ್ಬ ಜಮೀನುದಾರರು ದಾನ ಕೊಟ್ಟರು. ಹಗೇವಿನ ರಾಗಿ. ನೆಲದೊಳಗಿನ ಹಗೇವಿನಲ್ಲಿ ನಡುವಿನ ರಾಗಿ ಎಷ್ಟು ವರ್ಷವಾದರೂ ಕೆಡುವುದಿಲ್ಲ, ಗೋಡೆಗಂಟಿದ್ದು ಮಾತ್ರ ಕಮಟು ಹಿಡಿಯುತ್ತದೆ. ದಾನಕ್ಕೆ ಬಂದದ್ದು ಯಾವುದೆಂದು ಮೂಟೆಯ ಬಾಯಿ ಬಿಚ್ಚಿದಾಗಲೇ ಮೂಗಿಗೆ ಗೊತ್ತಾಯಿತು. ಸಂತೆಮಾಳದ ಹಿಂದೆ ಪುರಿ, ಕಡಲೆ ಹುರಿಯುತ್ತಿದ್ದ ಒಬ್ಬ ಅಜ್ಜಿಗೆ ಹುರಿಯುವ ಕೆಲಸ ವಹಿಸಿದರು. ಅವಳು ಎರಡು ದಿನ ರಾಗಿಯನ್ನು ಬಿಸಿಲಿಗೆ ಹರವಿ, ಕೇರಿ, ತೊಳೆದು ಆ ವಾಸನೆಯನ್ನು ಅರ್ಧ ಕಳೆದಳು. ಕಾದ ಮರಳಿನ ಮೇಲೆ ರಾಗಿ ಚಟಚಟ ಅರಳುತ್ತಿದ್ದಾಗ ನಾನು ಸಮಿತಿಯ ಏರ್ಪಾಡನ್ನು ಅವಳಿಗೆ ಜಂಬದಿಂದ ವಿವರಿಸಿದೆ. ಅವಳು ಸೌಟು ನಿಲ್ಲಿಸಲಿಲ್ಲ.

“ಇಟ್ಟೇನೋ ಕೊಡ್ತಾರೆ ಕಣಮ್ಮ,” ಅಂದಳು. “ನೀರು ಯಾರು ಕೊಡ್ತಾರೆ?”

ಅಕ್ಷರ ಬಾರದ ಮುದುಕಿ, ಇವಳಿಗೇನು ತಿಳಿಯುತ್ತದೆ ಎಂದುಕೊಂಡು ನಕ್ಕುಬಿಟ್ಟೆ.

ಹಂಚಿಕೆ ಶುರುವಾದ ದಿನ ನೋಡಬೇಕಿತ್ತು. ಹೊತ್ತು ಮಧ್ಯಾಹ್ನ ಮೂರಕ್ಕೆ ಗೊತ್ತುಮಾಡಿದ್ದರು, ಯಾಕೆಂದರೆ ಸದಸ್ಯರು ಊಟ ಮಾಡಿ ಒಂದು ನಿದ್ದೆ ತೆಗೆದು ಏಳುವುದು ಆಗಲೇ. ಬೆಟ್ಟದ ಬಂಡೆ ಬೆಳಗಿನಿಂದ ಕುಡಿದ ಬಿಸಿಲನ್ನೆಲ್ಲ ಊರಿನ ಮೇಲೆ ಕಾರುತ್ತಿತ್ತು. ಮಕ್ಕಳು ಹನ್ನೆರಡಕ್ಕೇ ಬಂದು ಕೂತಿದ್ದರು. ಶಿರಸ್ತೇದಾರರು ಅನ್ನದಾನದ ಮಹಿಮೆಯ ಮೇಲೆ ಅರ್ಧ ಗಂಟೆ ಮಾತಾಡಿದರು. ಸಾಹೇಬರು, ತಾವು ದಾನ ಕೊಟ್ಟ ಬೆಲ್ಲದ ವಿಷಯವನ್ನು ಭಾಷಣದಲ್ಲಿ ಮೊದಲೇ ಹೇಳಬೇಕಿತ್ತು, ಕೊನೆಗೆ ಹೇಳಿದರು ಎಂದು ಮುಖ ಗಂಟಿಕ್ಕಿಕೊಂಡು ಕೂತರು. ಆಮೇಲೆ ನಾನು ಪಾವಿನಲ್ಲಿ ಅಳೆದು ಹಿಟ್ಟು ಹಾಕತೊಡಗಿದೆನೋ ಇಲ್ಲವೋ, ಪಡುವಣ ಗಾಳಿ ಬೀಸಿತು. ಹಿಟ್ಟೆಲ್ಲ ಎದ್ದು ಶಿರಸ್ತೇದಾರರ ಕೋಟು ಬೂದಿ ಬಣ್ಣವಾಯಿತು. ನಾನು ಬೇಕೆಂದೇ ಸ್ವಲ್ಪ ಎತ್ತರದಿಂದ ಸುರಿದೆ. ಆ ಸಮಿತಿಯಲ್ಲಿ ನಾನು ತೋರಿಸಿದ ಧೈರ್ಯ ಇಷ್ಟೇ.

ಆ ಸಾಲಿನಲ್ಲಿ ಕಲ್ಲು ಒಡೆಯುವವರ ಹುಡುಗಿಯೊಬ್ಬಳಿದ್ದಳು. ಎಂಟು ವರ್ಷವಿರಬಹುದು. ಪಾವಗಡದ ಆಚೆಯಿಂದ ಬಂದು ಬೆಟ್ಟದ ಹಿಂದಿನ ಕಲ್ಲುಗಣಿಯ ಹತ್ತಿರ ಗುಡಿಸಲು ಹಾಕಿಕೊಂಡಿದ್ದ ಜನ. ಮನೆಯಲ್ಲಿ ತೆಲುಗು, ಹೊರಗೆ ಅರ್ಧ ತೆಲುಗು ಅರ್ಧ ಕನ್ನಡ. ಅವಳನ್ನು ಒಂದನೆಯ ಕ್ಲಾಸಿಗೆ ಸೇರಿಸಿಕೊಂಡವಳು ನಾನೇ. ಸೊಂಟದ ಮೇಲೆ ಅವಳ ತಮ್ಮ. ಎರಡು ತುಂಬಿದ್ದರೂ ಅವನಿಗೆ ನಡಿಗೆ ಬಂದಿರಲಿಲ್ಲ. ಕೂರಿಸಿದಲ್ಲಿ ಕೂರುತ್ತಿದ್ದ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ತಾಯಿಗೆ ಎದೆಹಾಲು ಬತ್ತಿ ಎಷ್ಟೋ ತಿಂಗಳಾಗಿತ್ತು. ಶಾಲೆಗೆ ಸೇರದವನಿಗೆ ಹಿಟ್ಟಿಲ್ಲ ಎಂದು ವಕೀಲರು ಹೇಳಿದರು. ಹುಡುಗಿ ವಾದ ಮಾಡಲಿಲ್ಲ. ತನ್ನ ಪಾಲನ್ನು ಮಡಿಲಿಗೆ ಹಾಕಿಸಿಕೊಂಡು, ಸಣ್ಣ ಕುಡಿಕೆಯಲ್ಲಿ ತಂದಿದ್ದ ನೀರಿನಿಂದ ಅಂಗೈಯಲ್ಲೇ ಸ್ವಲ್ಪ ಸ್ವಲ್ಪ ಕಲಸಿ ತಮ್ಮನ ಬಾಯಿಗಿಟ್ಟಳು. ಅವನು ಸಾಕೆಂದು ಮುಖ ತಿರುಗಿಸಿದ ಮೇಲೆ ಉಳಿದದ್ದನ್ನು ತಾನು ತಿಂದಳು.

“ಇವ್ನು ನಮ್ ತಮ್ಮುಡು, ಮೇಷ್ಟ್ರಮ್ಮ,” ಅಂದಳು. “ದಿನಾ ಇಂಗೆ ತಿಂದ್ರೆ ಶಾಲೆ ತೆಗಿಯೋದ್ರೊಳ್ಗೆ ನಡೀತಾನಂತೆ. ನಮ್ಮಮ್ಮ ಅಂದ್ಲು.”

ಸಮಿತಿಗೆ ನಿಯಮವಿತ್ತು, ಬೋರ್ಡಿತ್ತು, ಕೋಟಿತ್ತು. ಇದರಿಂದ ಏನಾಗಬೇಕು ಎಂದು ಗೊತ್ತಿದ್ದವಳು ಆ ಹುಡುಗಿ ಒಬ್ಬಳೇ.

ಮೊದಲ ವಾರದಲ್ಲೇ ಕೆಲವು ಮಕ್ಕಳು ಕಳಚಿಕೊಂಡರು. ಕೇರಿಯ ಬಾವಿ ಬತ್ತಿತ್ತು. ಅವರ ಹೆಂಗಸರು ಊರಿನ ಬಾವಿಯ ಕಟ್ಟೆಯ ಕೆಳಗೆ ನಿಂತು, ಯಾರಾದರೂ ಕನಿಕರಪಟ್ಟು ಕೊಡಕ್ಕೆ ಸುರಿಯಲೆಂದು ಹೊತ್ತುಗಟ್ಟಲೆ ಕಾಯುತ್ತಿದ್ದರು. ಹಾಗೆ ಕಾಡಿ ತಂದ ನೀರನ್ನು ಹಿಟ್ಟು ಕಲಸಲು ಯಾವ ತಾಯಿ ಕೊಟ್ಟು ಕಳಿಸುತ್ತಾಳೆ? ನೀರಿಲ್ಲದೆ ಬಂದ ಮಕ್ಕಳು ಒಣಹಿಟ್ಟನ್ನೇ ಬಾಯಿಗೆ ಹಾಕಿಕೊಂಡು ಕೆಮ್ಮಿದರು, ಮೂಗಿನಲ್ಲೆಲ್ಲ ಹಿಟ್ಟು ಬಂತು. ಅಪವ್ಯಯ, ಎಂದರು ಶಿರಸ್ತೇದಾರರು. ಮಕ್ಕಳ ಸಂಖ್ಯೆ ಇಳಿದದ್ದನ್ನು ನೋಡಿ, ಊರಿನಲ್ಲಿ ಅಂಥ ಬಡತನವೇನೂ ಇಲ್ಲವೆಂದು ಇದರಿಂದ ಸಿದ್ಧವಾಯಿತು ಎಂದರು ವಕೀಲರು. ಓದಿದವರ ಮಾತು ಯಾವತ್ತೂ ಹೀಗೆ, ಕಣ್ಣಿಗೆ ಮಣ್ಣೆರಚುವುದಕ್ಕೂ ಒಂದು ವ್ಯಾಕರಣ ಇಟ್ಟುಕೊಂಡಿರುತ್ತಾರೆ.

ಆ ಹುಡುಗಿ ಮಾತ್ರ ಬಿಡಲಿಲ್ಲ. ಗಣಿಯ ಹಳ್ಳದಲ್ಲಿ ನಿಂತ ನೀರನ್ನು ಸೆರಗಿನ ಚೂರಿನಲ್ಲಿ ಸೋಸಿ, ಒಂದು ಕೈಯಲ್ಲಿ ಕುಡಿಕೆ, ಸೊಂಟದ ಮೇಲೆ ತಮ್ಮ, ಬೆಂಕಿಯಂಥ ನೆಲದ ಮೇಲೆ ಬರಿಗಾಲಿನಲ್ಲಿ ಬರುತ್ತಿದ್ದಳು. ಗೇಟು ದಾಟುವಷ್ಟರಲ್ಲಿ ಅರ್ಧ ತುಳುಕಿರುತ್ತಿತ್ತು. ಉಳಿದದ್ದು ಸಾಕಾಗುತ್ತಿತ್ತು. ಎರಡು ವಾರ ಕಳೆದ ಮೇಲೆ ಒಂದು ದಿನ ಆ ಹುಡುಗ ಜಗಲಿಯ ಕಂಬ ಹಿಡಿದು ಎದ್ದು ನಿಂತ. ಕಾಲು ನಡುಗುತ್ತಿತ್ತು, ಬಿಡಲಿಲ್ಲ. ಅವಳು ನನ್ನ ಕಡೆ ತಿರುಗಿ ಹಲ್ಲು ಬಿಟ್ಟು ನಕ್ಕಳು. ನನಗೂ ಖುಷಿಯಾಯಿತು. ನಾನೇ ನಿಲ್ಲಿಸಿದೆ ಎಂಬಷ್ಟು ಬೀಗಿಕೊಂಡು ಮನೆಗೆ ಹೋಗಿ ಅತ್ತೆಗೂ ಹೇಳಿದೆ.

ಆಮೇಲೆ ಗಣಿಯ ಹಳ್ಳವೂ ಬತ್ತಿತು.

ಅವತ್ತು ಅವಳು ಖಾಲಿ ಕುಡಿಕೆ ಹಿಡಿದು ಬಂದಳು. ಹಿಟ್ಟು ಹಾಕಿಸಿಕೊಂಡು ಕೂತಳು. ಅಭ್ಯಾಸವಾಗಿದ್ದ ಹುಡುಗ ಹಿಟ್ಟು ಕಂಡದ್ದೇ ಅವಳ ಮಡಿಲಿಗೆ ಕೈ ಹಾಕಿ ಒಂದು ಹಿಡಿ ಒಣಹಿಟ್ಟನ್ನು ಬಾಯಿಗೆ ತುಂಬಿಕೊಂಡ. ಉಸಿರು ಸಿಕ್ಕಿಕೊಂಡಿತು. ಕಣ್ಣು ಮೇಲೆ ಹೋಯಿತು, ಮುಖ ಕಪ್ಪಿಟ್ಟಿತು. ಅವಳು ಬೆನ್ನು ಗುದ್ದಿದಳು, ಬೆರಳು ಹಾಕಿ ಹಿಟ್ಟನ್ನು ಬಗೆದು ತೆಗೆದಳು. ಅವನು ಕೆಮ್ಮಿ, ಉಸಿರೆಳೆದು, ಸದ್ದಿಲ್ಲದೆ ಬಾಯಿ ಬಾಯಿ ಬಿಡತೊಡಗಿದ.

ನನ್ನ ಕೈಯಲ್ಲಿ ಹಿತ್ತಾಳೆಯ ಚೊಂಬಿತ್ತು. ಅತ್ತೆಯ ಮನೆಯಿಂದ ನನಗೇ ಎಂದು ತಂದುಕೊಂಡಿದ್ದ ನೀರು. ಅವಳಿಗೂ ನನಗೂ ನಡುವೆ ನಾಲ್ಕು ಹೆಜ್ಜೆ. ನಾನು ಶಿರಸ್ತೇದಾರರ ಮುಖ ನೋಡಿದೆ. ಶಿರಸ್ತೇದಾರರು ವಕೀಲರ ಮುಖ ನೋಡಿದರು. ವಕೀಲರು ಬೆಟ್ಟ ನೋಡಿದರು. ಶಿಫಾರಸು ಕಾಗದಕ್ಕೆ ಹೆದರಿದೆ ಎಂದು ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಮಗುವಿನ ತುಟಿಗೆ ತಾಗಿದ ಚೊಂಬನ್ನು ಮತ್ತೆ ಅತ್ತೆಯ ಮನೆಯ ಒಳಗೆ ಹೇಗೆ ಒಯ್ಯಲಿ ಎಂಬುದೇ ನನ್ನ ತಲೆಗೆ ಮೊದಲು ಬಂದದ್ದು.

ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ. ಒಂದು ಚಿಟಿಕೆ ಹಿಟ್ಟು, ಒಂದು ಚೂರು ಬೆಲ್ಲ ತನ್ನ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು, ತನ್ನ ಎಂಜಲಿನಲ್ಲೇ ನೆನೆಸಿದಳು. ಮೆತ್ತಗಾದ ಮೇಲೆ ಅಂಗೈಗೆ ತೆಗೆದುಕೊಂಡು ತಮ್ಮನ ಬಾಯಿಗೆ ಇಟ್ಟಳು. ಅವನು ನುಂಗಿದ. ಅವಳು ಇನ್ನೊಂದು ಚಿಟಿಕೆ ಹಾಕಿಕೊಂಡಳು. ಅವಳ ಬಾಯಿಯೂ ಒಣಗಿತ್ತು, ಒಂದೊಂದು ತುತ್ತಿಗೂ ಬಹಳ ಹೊತ್ತು ಹಿಡಿಯುತ್ತಿತ್ತು.

ಆಗ ನಮ್ಮ ದೊಡ್ಡಮನುಷ್ಯರಿಗೆ ಜೀವ ಬಂತು. ಛೀ ಛೀ, ಎಂಜಲು, ಎಂದು ಶಿರಸ್ತೇದಾರರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. ಮಗುವಿನ ಉಸಿರು ನಿಂತಾಗ ಏಳದವರು. ಶಾಲೆಯ ಜಗಲಿಯ ಮೇಲೆ ಇದೆಲ್ಲ ಕೂಡದು, ನಾಳೆಯಿಂದ ನೀರು ತಂದರೆ ಮಾತ್ರ ಹಿಟ್ಟು, ಅವಳಿಗೆ ಹೇಳಿ ಎಂದು ನನಗೆ ಅಪ್ಪಣೆಯಾಯಿತು. ನಾನು ಗೇಟಿನವರೆಗೆ ಹೋಗಿ ಹೇಳಿದೆ. ಅವಳು ಆಗಲಿ ಎಂದು ತಲೆಯಾಡಿಸಿ, ನನ್ನ ಕೈಯನ್ನೇ ನೋಡುತ್ತ ಕೇಳಿದಳು:

“ಮೇಷ್ಟ್ರಮ್ಮ, ನಿಮ್ ಚೊಂಬ್ನಾಗೆ ನೀರಿರ್ಲಿಲ್ವಾ?”

ಅದು ಆರೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿ ಕೇಳುತ್ತಿದ್ದಳು. ನೀರಿದ್ದಿದ್ದರೆ ಮೇಷ್ಟ್ರಮ್ಮ ಕೊಡದೆ ಇರುತ್ತಿದ್ದಳೇ?

“ಇರಲಿಲ್ಲ,” ಅಂದೆ.

“ಅಂಗಾರೆ ನೀವೂ ಬಾಯಾರ್ಕಂಡೇ ಕುಂತಿದ್ರಾ,” ಎಂದು ಮರುಗಿ, ತಮ್ಮನನ್ನು ಎತ್ತಿಕೊಂಡು ಹೊರಟುಹೋದಳು.

ಆಮೇಲೆ ಜಗಲಿ ತೊಳೆಯಬೇಕೆಂದರು. ಹಗ್ಗ ಹಾಕಿ ಅದೇ ಬಾವಿಯಿಂದ ಎಂಟು ಕೊಡ ನೀರು ಸೇದಿ ನಾನೇ ತೊಳೆದೆ. ಕಲ್ಲಿಗೆ ನೀರು ಕುಡಿಸುವುದಕ್ಕೆ ಯಾವ ವಿಚಾರಣೆಯೂ ಬೇಕಾಗಲಿಲ್ಲ.

ಮಾರನೆಯ ದಿನ ಅವಳು ಎಲ್ಲರಿಗಿಂತ ತಡವಾಗಿ ಬಂದಳು. ಕುಡಿಕೆಯ ತುಂಬ ನೀರಿತ್ತು. ಬೆಳಿಗ್ಗೆಯಿಂದ ಊರಿನ ಬಾವಿಯ ಹತ್ತಿರ ನಿಂತಿದ್ದಳಂತೆ. ಯಾರೋ ಒಬ್ಬಳು ಪುಣ್ಯಾತ್ಗಿತ್ತಿ ಬಾಗಿ ಸುರಿದಳಂತೆ. ಜಗಲಿಯ ಮೇಲೆ ಕೂತು, ತಮ್ಮನ ಹಿಟ್ಟು ಕಲಸುವ ಮೊದಲು, ಮಡಿಲಿನಿಂದ ಒಂದು ತೆಂಗಿನ ಕರಟ ತೆಗೆದಳು. ಕುಡಿಕೆಯ ನೀರಿನಲ್ಲಿ ಅರ್ಧ ಅದಕ್ಕೆ ಬಗ್ಗಿಸಿದಳು. ಒಂದು ಎಲೆ ಮುಚ್ಚಿ ತಂದು ನನ್ನ ಕಾಲ ಹತ್ತಿರ ಇಟ್ಟಳು.

“ನಿಮ್ಗೂ ತಂದಿವ್ನಿ, ಮೇಷ್ಟ್ರಮ್ಮ.”

ಶಿರಸ್ತೇದಾರರು ಕುರ್ಚಿಯಿಂದ ನೋಡುತ್ತಿದ್ದರು. ಆಮೇಲೆ ಕುಡಿಯುತ್ತೇನೆ, ಇಟ್ಟಿರು ಎಂದೆ. ಅವಳು ಹೋಗಿ ಉಳಿದ ಅರ್ಧ ನೀರಿನಲ್ಲಿ ಹಿಟ್ಟು ಕಲಸಿದಳು. ಗಟ್ಟಿಯಾಯಿತು, ಹುಡುಗ ನುಂಗಲು ಕಷ್ಟಪಟ್ಟು ಕೊಸರಾಡಿದ. ಅವಳು ಸಮಾಧಾನ ಮಾಡಿ ಮಾಡಿ ತಿನ್ನಿಸಿದಳು. ನಡುನಡುವೆ ನಾನು ಕುಡಿದೆನೋ ಎಂದು ನನ್ನ ಕಡೆ ನೋಡುತ್ತಿದ್ದಳು. ನಾನು ಪಾವು ಒರೆಸುತ್ತ, ಡಬ್ಬಿ ಮುಚ್ಚುತ್ತ, ಇಲ್ಲದ ಕೆಲಸ ಮಾಡುತ್ತ ಇದ್ದೆ.